ಕೂಡಿ ಆಡುವ ಆಟಗಳು: ನಡೆಸುವವರ ಕೆಲಸವೇನು?

ಆಟ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಎರಡು ತಂಡಗಳು. ಕಬಡ್ಡಿಯಾಗಲಿ, ಖೋ ಖೋ ಆಗಲಿ, ಲಗೋರಿಯಾಗಲಿ, ಈ ಕಡೆಯವರು ಗೆಲ್ಲಬೇಕಾದರೆ ಆ ಕಡೆಯವರು ಸೋಲಲೇಬೇಕು. ಶಾಲಾ ವಾರ್ಷಿಕೋತ್ಸವದ ಸಂಗೀತ ಕುರ್ಚಿಯನ್ನೇ ನೆನಪಿಸಿಕೊಳ್ಳಿ. ಹತ್ತು ಜನರಲ್ಲಿ ಒಂಬತ್ತು ಮಂದಿ ಒಬ್ಬೊಬ್ಬರಾಗಿ ಹೊರಗೆ ಹೋಗಿ ನಿಂತು, ಕೊನೆಗೆ ಉಳಿದ ಒಬ್ಬರಿಗಾಗಿ ಚಪ್ಪಾಳೆ ತಟ್ಟುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಸ್ಪರ್ಧೆಗೆ ಅದರದೇ ಆದ ರುಚಿ ಉಂಟು.

ಆದರೆ ಇನ್ನೊಂದು ಬಗೆಯ ಆಟವಿದೆ. ಅಲ್ಲಿ ಎದುರು ತಂಡವೇ ಇರುವುದಿಲ್ಲ. ಎದುರಾಳಿಯಾಗಿ ನಿಲ್ಲುವುದು ಒಂದು ಹಗ್ಗ, ಒಂದು ಕೋಲು, ಹತ್ತು ಮೀಟರ್ ಅಗಲದ ಕಾಲ್ಪನಿಕ ನದಿ, ಕೆಲವೊಮ್ಮೆ ನ್ಯೂಟನ್ನನ ನಿಯಮ. ಗೆದ್ದರೆ ಎಲ್ಲರೂ ಗೆಲ್ಲುತ್ತಾರೆ, ಸೋತರೆ ಎಲ್ಲರೂ ಸೋಲುತ್ತಾರೆ. ಯಾರೂ ಔಟಾಗಿ ಮರದ ನೆರಳಿನಲ್ಲಿ ಕೂರುವುದಿಲ್ಲ. ಇವನ್ನು ಸಹಕಾರಿ ಆಟಗಳು ಎನ್ನುತ್ತಾರೆ. ಸಾಹಸ ಶಿಬಿರಕ್ಕೆ ಹೋದ ನಿಮ್ಮಲ್ಲಿ ಹಲವರು ಇವನ್ನು ಆಡಿರಬಹುದು. ಬಂಡೆ ಹತ್ತುವ ಮೊದಲು, ದೋಣಿಗೆ ಇಳಿಯುವ ಮೊದಲು, ಮೊದಲ ದಿನದ ಬೆಳಿಗ್ಗೆ ಬಯಲಿನಲ್ಲಿ ಆಡಿಸುವ ಈ ಆಟಗಳು ಕಾಲಹರಣಕ್ಕಾಗಿ ಇರುವಂಥವಲ್ಲ. ರಾಮನಗರದ ಬಂಡೆಯನ್ನು ನೀವು ಹತ್ತುವಾಗ ಕೆಳಗೆ ನಿಂತು ನಿಮ್ಮ ಹಗ್ಗ ಹಿಡಿಯುವವರು ನಿನ್ನೆಯವರೆಗೆ ಹೆಸರೂ ಗೊತ್ತಿರದ ಒಬ್ಬ ಸಹಪಾಠಿಯಾಗಿರಬಹುದು. ಅವರ ಮಾತನ್ನು ನೀವು ಕೇಳಬೇಕು, ನಿಮ್ಮ ಮಾತನ್ನು ಅವರು ಕೇಳಬೇಕು. ಅದರ ಅಭ್ಯಾಸ ನೆಲದ ಮೇಲೆಯೇ ಆಗಬೇಕಲ್ಲವೇ?

ಈ ಆಟಗಳನ್ನು ಆಡುವುದು ಸುಲಭ. ಆಡಿಸುವುದು ಕಷ್ಟ. ಎನ್.ಎಸ್.ಎಸ್. ಶಿಬಿರದಲ್ಲೋ, ಸ್ಕೌಟ್ಸ್ ಮತ್ತು ಗೈಡ್ಸ್ ದಳದಲ್ಲೋ ಕಿರಿಯರಿಗೆ ಇಂಥ ಆಟ ನಡೆಸಿಕೊಡುವ ಹೊಣೆ ಒಂದು ದಿನ ನಿಮ್ಮ ಹೆಗಲಿಗೂ ಬರಬಹುದು. ಆದ್ದರಿಂದ ಈ ಲೇಖನವನ್ನು ಆಡುವವರಿಗಿಂತ ಆಡಿಸುವವರನ್ನು ಉದ್ದೇಶಿಸಿ ಬರೆಯುತ್ತಿದ್ದೇನೆ.

ಎಲ್ಲಿಂದ ಬಂತು?

ಕರ್ಟ್ ಹಾನ್ ಎಂಬ ಶಿಕ್ಷಣ ತಜ್ಞ 1886ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದರು. 1920ರಲ್ಲಿ ಜರ್ಮನಿಯ ಸಾಲೆಂ ಎಂಬಲ್ಲಿ ಶಾಲೆ ಆರಂಭಿಸಿದರು. ಹಿಟ್ಲರನನ್ನು ಬಹಿರಂಗವಾಗಿ ವಿರೋಧಿಸಿದ್ದಕ್ಕೆ 1933ರಲ್ಲಿ ಬಂಧನಕ್ಕೊಳಗಾಗಿ, ಬಿಡುಗಡೆಯ ಬಳಿಕ ಬ್ರಿಟನ್ನಿಗೆ ಹೋದರು. ಮರುವರ್ಷ ಸ್ಕಾಟ್ಲೆಂಡಿನಲ್ಲಿ ಗಾರ್ಡನ್‌ಸ್ಟನ್ ಶಾಲೆಯನ್ನು ಸ್ಥಾಪಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಡಗು ಕಂಪನಿಯೊಂದರ ಮುಖ್ಯಸ್ಥ ಲಾರೆನ್ಸ್ ಹೋಲ್ಟ್ ಅವರಿಗೆ ಒಂದು ಚಿಂತೆ ಕಾಡುತ್ತಿತ್ತು. ಹಡಗು ಮುಳುಗಿದಾಗ ಗಟ್ಟಿಮುಟ್ಟಾದ ತರುಣ ನಾವಿಕರಿಗಿಂತ ಅನುಭವಸ್ಥ ಹಿರಿಯರೇ ಹೆಚ್ಚು ತಾಳಿಕೊಳ್ಳುತ್ತಾರೆ ಎಂಬುದು ಅವರ ಅನಿಸಿಕೆ. ತರುಣರಿಗೆ ಕೊರತೆಯಾಗಿದ್ದುದು ತೋಳಬಲವಲ್ಲ. ಅವರಿಗೆ ಬೇಕಾದದ್ದು ತಮ್ಮ ಮೇಲೆ ಮತ್ತು ಜೊತೆಯವರ ಮೇಲೆ ಭರವಸೆ. ಇಬ್ಬರೂ ಸೇರಿ 1941ರಲ್ಲಿ ವೇಲ್ಸ್‌ನ ಅಬರ್ಡವಿ ಎಂಬ ಕರಾವಳಿ ಊರಿನಲ್ಲಿ ತೆರೆದ ಶಾಲೆಯೇ ಔಟ್‌ವರ್ಡ್ ಬೌಂಡ್. ಬಂದರು ಬಿಟ್ಟು ಕಡಲಿಗೆ ಹೊರಟ ಹಡಗನ್ನು ನಾವಿಕರು ಹಾಗೆ ಕರೆಯುತ್ತಾರೆ.

ಮುಂದೆ ಇದು ಅಮೆರಿಕಕ್ಕೂ ಹೋಯಿತು. ಬೆಟ್ಟಕ್ಕೂ ಕಡಲಿಗೂ ಹೋಗಲು ಎಲ್ಲ ಶಾಲೆಗಳಿಗೂ ಸಾಧ್ಯವೇ ಎಂಬ ಪ್ರಶ್ನೆ ಅಲ್ಲಿ ಎದ್ದಿತು. 1971ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪ್ರಾಜೆಕ್ಟ್ ಅಡ್ವೆಂಚರ್ ಎಂಬ ಯೋಜನೆ ಆರಂಭವಾಯಿತು. ಬೆಟ್ಟವನ್ನು ಶಾಲೆಗೆ ತರಲಾಗದು, ಆದರೆ ಬೆಟ್ಟದಲ್ಲಿ ಎದುರಾಗುವ ಸಮಸ್ಯೆಗಳನ್ನು ಹಗ್ಗ, ಹಲಗೆ, ಕಂಬಗಳಲ್ಲಿ ಕಟ್ಟಿ ಆಟದ ಮೈದಾನಕ್ಕೆ ತರಬಹುದಲ್ಲ ಎಂಬುದು ಅದರ ಹಿಂದಿನ ಯೋಚನೆ. ಇಂದು ನಮ್ಮ ಶಿಬಿರಗಳಲ್ಲಿ ಆಡಿಸುವ ಎಷ್ಟೋ ಆಟಗಳು ಈ ದಾರಿಯಲ್ಲಿ ಹರಡಿಕೊಂಡವು.

ಕೆಳಗಿಳಿಯದ ಪೈಪು

ಮೊದಲು ಒಂದು ಆಟವನ್ನು ಸವಿವರವಾಗಿ ನೋಡೋಣ. ಇದಕ್ಕೆ ಬೇಕಾದದ್ದು ಮನೆಗಳ ವೈರಿಂಗ್‌ಗೆ ಬಳಸುವ ತೆಳುವಾದ ಪ್ಲಾಸ್ಟಿಕ್ ಪೈಪು, ಸುಮಾರು 3 ಮೀಟರ್ ಉದ್ದದ್ದು. ಹತ್ತು ಜನ ಐದೈದರಂತೆ ಎದುರುಬದುರಾಗಿ ನಿಲ್ಲಬೇಕು. ಎಲ್ಲರೂ ಎರಡೂ ತೋರುಬೆರಳುಗಳನ್ನು ಎದೆಯ ಮಟ್ಟದಲ್ಲಿ ಮುಂದಕ್ಕೆ ಚಾಚಬೇಕು. ಆ ಬೆರಳುಗಳ ಮೇಲೆ ಪೈಪನ್ನು ಮಲಗಿಸಿ. ಈಗ ತಂಡದ ಕೆಲಸ ಪೈಪನ್ನು ನೆಲಕ್ಕೆ ಇಳಿಸುವುದು. ನಿಯಮ ಒಂದೇ: ಯಾರ ಬೆರಳೂ ಪೈಪಿನಿಂದ ಬಿಟ್ಟುಹೋಗಬಾರದು. ಬೆರಳನ್ನು ಮಡಿಸಿ ಹಿಡಿಯುವಂತೆಯೂ ಇಲ್ಲ.

ಇಷ್ಟೇನಾ ಎಂದು ಎಲ್ಲರೂ ನಗುತ್ತಾರೆ. ಆಟ ಆರಂಭಿಸಿದ ಕೂಡಲೇ ಪೈಪು ಕೆಳಗಿಳಿಯುವ ಬದಲು ಮೇಲಕ್ಕೆ ಏರತೊಡಗುತ್ತದೆ! ಎದೆಯ ಮಟ್ಟದಿಂದ ಭುಜಕ್ಕೆ, ಭುಜದಿಂದ ತಲೆಗೆ. ಕುಳ್ಳಗಿರುವವರು ತುದಿಗಾಲಲ್ಲಿ ನಿಲ್ಲುತ್ತಾರೆ. "ಯಾರೋ ಮೇಲಕ್ಕೆ ತಳ್ತಾ ಇದೀರ!" "ನಾನಲ್ಲಪ್ಪ!" "ಆ ತುದಿಯವರೇ ಎತ್ತುತ್ತಿರೋದು!" ಅರ್ಧ ನಿಮಿಷದೊಳಗೆ ಹತ್ತು ಜನರಲ್ಲಿ ಜಗಳ.

ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಈ ಆಟ ಬಹಳ ಪ್ರಿಯ. ಪೈಪಿನ ತೂಕ 300 ಗ್ರಾಂ ಎಂದಿಟ್ಟುಕೊಳ್ಳಿ. ಅದನ್ನು ಹೊತ್ತಿರುವುದು 20 ಬೆರಳುಗಳು. ಅಂದರೆ ಒಂದು ಬೆರಳಿನ ಪಾಲಿಗೆ ಬರುವುದು 15 ಗ್ರಾಂ ಮಾತ್ರ. ಬೆರಳು ಬಿಟ್ಟುಹೋಗಬಾರದೆಂಬ ಭಯದಲ್ಲಿ ಪ್ರತಿಯೊಬ್ಬರೂ ಒಂದಿಷ್ಟೇ ಇಷ್ಟು ಹೆಚ್ಚಾಗಿ ಒತ್ತುತ್ತಾರೆ. 15 ಗ್ರಾಂ ಇರಬೇಕಾದ ಕಡೆ 20 ಗ್ರಾಂ ಆದರೆ ಯಾರಿಗೂ ಅದು ಗೊತ್ತಾಗುವುದಿಲ್ಲ. ನಮ್ಮ ಸ್ನಾಯುಗಳಿಗೆ ಅಷ್ಟು ಸೂಕ್ಷ್ಮದ ಅಳತೆ ಸಿಗದು. ಆದರೆ 20 ಬೆರಳುಗಳ ಹೆಚ್ಚುವರಿಯನ್ನು ಕೂಡಿಸಿ ನೋಡಿ: ಪೈಪಿನ ತೂಕ 300 ಗ್ರಾಂ, ಮೇಲ್ಮುಖದ ಒತ್ತಡ 400 ಗ್ರಾಂ. ಪೈಪು ಏರದೆ ಏನು ಮಾಡೀತು? ಅದು ಏರಿದ ಕಡೆ ಬೆರಳು ಬಿಟ್ಟುಹೋಗುವ ಭಯ ಇನ್ನೂ ಹೆಚ್ಚಾಗಿ, ಬೆರಳುಗಳು ಅದರ ಬೆನ್ನು ಹತ್ತುತ್ತವೆ. ಏರಿಕೆಯೇ ಇನ್ನಷ್ಟು ಏರಿಕೆಗೆ ಕಾರಣವಾಗುತ್ತದೆ.

"ನಾನಲ್ಲ" ಎಂದ ಹತ್ತು ಮಂದಿಯೂ ಪ್ರಾಮಾಣಿಕರೇ. ತಪ್ಪು ಯಾರೊಬ್ಬರದೂ ಅಲ್ಲ, ಎಲ್ಲರದೂ ಹೌದು. ಇದನ್ನು ಭಾಷಣದಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ತಲೆಯ ಮಟ್ಟಕ್ಕೆ ಏರಿದ ಪೈಪನ್ನು ಕಣ್ಣಾರೆ ಕಂಡವರು ನಂಬದೆ ಇರಲಾರರು.

ಈಗ ಆಟ ನಡೆಸುವವರ ಕಡೆಗೆ ಬನ್ನಿ. ಜಗಳ ಶುರುವಾದಾಗ ಅವರು ಏನು ಮಾಡಬೇಕು? ಹೊಸಬರು ತಕ್ಷಣ ಬಾಯಿ ಹಾಕುತ್ತಾರೆ. "ಒಬ್ಬರು ಎಣಿಸಿ, ಎಲ್ಲರೂ ಒಟ್ಟಿಗೆ ಮಂಡಿ ಬಗ್ಗಿಸಿ" ಎಂದು ಉಪಾಯ ಹೇಳಿಕೊಟ್ಟುಬಿಡುತ್ತಾರೆ. ಪೈಪು ಇಳಿಯುತ್ತದೆ, ಆಟ ಮುಗಿಯುತ್ತದೆ, ಹತ್ತು ಜನ ಪೈಪು ಇಳಿಸುವುದನ್ನು ಕಲಿತಿರುತ್ತಾರೆ. ಪೈಪು ಇಳಿಸುವ ವಿದ್ಯೆಯಿಂದ ಯಾರಿಗೇನು ಉಪಯೋಗ? ಸುಮ್ಮನಿದ್ದರೆ ನಡೆಯುವುದೇ ಬೇರೆ. ಎರಡನೆಯ ಸಲವೋ ಮೂರನೆಯ ಸಲವೋ ಪೈಪು ಮೇಲೇರಿದಾಗ ತಂಡಕ್ಕೆ ಬೈದು ಬೈದು ಸಾಕಾಗುತ್ತದೆ. ಒಂದು ಕ್ಷಣ ಮೌನ. ಆಗ ಯಾರೋ, ಸಾಮಾನ್ಯವಾಗಿ ಅಲ್ಲಿಯವರೆಗೆ ಕೂಗಾಡದೆ ಇದ್ದವರು, "ಒಂದ್ನಿಮಿಷ, ಎಲ್ಲರೂ ಸುಮ್ನಿರಿ" ಎನ್ನುತ್ತಾರೆ. ನೀವು ಕಾಯಬೇಕಾದದ್ದು ಆ ಕ್ಷಣಕ್ಕೆ. ಅದನ್ನು ನೀವು ಕಸಿದುಕೊಳ್ಳಬಾರದು.

ನಾನು ಕಸಿದುಕೊಂಡದ್ದು

ಇದನ್ನು ಹೇಳುವ ಹಕ್ಕು ನನಗೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಾನು ಪರ್ವತಾರೋಹಿಯಲ್ಲ, ದೂರದರ್ಶನ ಕಾರ್ಯಕ್ರಮಗಳನ್ನು ತಯಾರಿಸುವವನು. ಕೆಲವು ವರ್ಷಗಳ ಹಿಂದೆ ಸಾಹಸ ಶಿಬಿರವೊಂದರ ಚಿತ್ರೀಕರಣಕ್ಕೆ ಹೋಗಿದ್ದೆ. ಹಿಂದೆ ಅಂಥ ಶಿಬಿರಗಳಲ್ಲಿ ಕೆಲಸ ಮಾಡಿ ಅಭ್ಯಾಸವಿದ್ದುದರಿಂದ, ಒಂದು ಆಟವನ್ನು ನಾನೇ ನಡೆಸುವುದೆಂದು ಅಲ್ಲಿನ ಶಿಕ್ಷಕರ ಜೊತೆ ಮಾತಾಯಿತು.

ಆಟ ಹೀಗಿತ್ತು. ಬಯಲಿನಲ್ಲಿ ಹತ್ತು ಮೀಟರ್ ಅಂತರದಲ್ಲಿ ಎರಡು ಹಗ್ಗ ಹಾಸಿದ್ದೆವು. ನಡುವೆ ಇರುವುದು ನದಿ. ಹನ್ನೆರಡು ಕಾಲೇಜು ವಿದ್ಯಾರ್ಥಿಗಳು ಈ ದಡದಿಂದ ಆ ದಡಕ್ಕೆ ದಾಟಬೇಕು. ಅವರ ಬಳಿ ಎಂಟು ಮಡಿಸಿದ ಗೋಣಿಚೀಲಗಳು. ಅವೇ ನದಿಯಲ್ಲಿನ ಕಲ್ಲುಗಳು. ಕಾಲು ಅಥವಾ ಕೈ ತಾಗಿರುವವರೆಗೆ ಕಲ್ಲು ನಿಲ್ಲುತ್ತದೆ. ಯಾರೂ ಮುಟ್ಟದೆ ಒಂದು ಕ್ಷಣ ಬಿಟ್ಟರೂ ನದಿ ಅದನ್ನು ಕೊಚ್ಚಿಕೊಂಡು ಹೋಗುತ್ತದೆ, ಅಂದರೆ ನಾನು ಎತ್ತಿಕೊಳ್ಳುತ್ತೇನೆ. ಯಾರ ಕಾಲಾದರೂ ನೆಲಕ್ಕೆ ತಾಗಿದರೆ ಎಲ್ಲರೂ ಮತ್ತೆ ಮೊದಲಿನಿಂದ.

ಎಂಟು ಚೀಲಗಳನ್ನು ಒಂದೊಂದು ಹೆಜ್ಜೆಗೆ ಒಂದರಂತೆ ಇಟ್ಟರೆ ಅರ್ಧ ನದಿಯನ್ನು ಸ್ವಲ್ಪ ದಾಟಬಹುದು, ಅಷ್ಟೇ. ಆದ್ದರಿಂದ ಹನ್ನೆರಡೂ ಜನ ಸಾಲಾಗಿ, ಒಂದೊಂದು ಚೀಲದ ಮೇಲೆ ಇಬ್ಬಿಬ್ಬರು ಒತ್ತಾಗಿ ನಿಂತು, ಹಿಂದೆ ಖಾಲಿಯಾದ ಚೀಲವನ್ನು ಕೈಯಿಂದ ಕೈಗೆ ಮುಂದಕ್ಕೆ ದಾಟಿಸುತ್ತಾ ಹೋಗಬೇಕು. ಗೊತ್ತಾದ ಮೇಲೆ ಇದು ಸರಳ. ಗೊತ್ತಾಗುವವರೆಗೆ ಅಲ್ಲ.

ತಂಡ ಮೂರು ಸಲ ಸೋತಿತು. ಮುಂದೆ ನಿಂತಿದ್ದ ಇಬ್ಬರು ಹುಡುಗರು ತಲಾ ಒಂದು ಯೋಜನೆ ಹಿಡಿದು ವಾದಿಸುತ್ತಿದ್ದರು. ಸಂಜೆ ಐದೂವರೆ ದಾಟಿತ್ತು. ಬಂಡೆಗಳ ನೆರಳು ಬಯಲಿನ ಮೇಲೆ ಬೀಳತೊಡಗಿತ್ತು. ಕ್ಯಾಮೆರಾದವರು ನನ್ನ ಕಡೆ ನೋಡಿ ಕೈಗಡಿಯಾರ ತೋರಿಸಿದರು. ಇನ್ನು ಇಪ್ಪತ್ತು ನಿಮಿಷ ಕಳೆದರೆ ಬೆಳಕು ಸಾಲದು. ನದಿ ದಾಟುವ ದೃಶ್ಯವಿಲ್ಲದೆ ಕಾರ್ಯಕ್ರಮ ಅಪೂರ್ಣ. ನಾನು ಎರಡು ಹೆಜ್ಜೆ ಮುಂದೆ ಹೋಗಿ ಗಟ್ಟಿಯಾಗಿ ಹೇಳಿಯೇಬಿಟ್ಟೆ: "ಒಂದೊಂದು ಚೀಲದ ಮೇಲೆ ಇಬ್ಬಿಬ್ಬರು ನಿಲ್ಲಿ, ಹಿಂದಿನದನ್ನು ಮುಂದಕ್ಕೆ ಕೊಡಿ!"

ಕೆಲವೇ ನಿಮಿಷಗಳಲ್ಲಿ ಎಲ್ಲರೂ ದಾಟಿದರು. ಕುಣಿದರು, ಕೂಗಿದರು. ದೃಶ್ಯಗಳು ಬಹಳ ಚೆನ್ನಾಗಿ ಬಂದವು. ಆಮೇಲೆ ವೃತ್ತವಾಗಿ ಕೂತು ಮಾತನಾಡಲು ಹೊರಟರೆ ಯಾರ ಬಾಯಲ್ಲೂ ಮಾತಿಲ್ಲ. "ಚೆನ್ನಾಗಿತ್ತು ಸಾರ್." ಅಷ್ಟೇ. ನಾನು ಒತ್ತಾಯಿಸಿದಾಗ ಒಬ್ಬ ಹುಡುಗ ನಗುತ್ತಾ, "ನೀವೇ ಹೇಳ್ಕೊಟ್ಟಿರಲ್ಲ ಸಾರ್, ನಾವು ಹೇಳೋದೇನಿದೆ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಿಜವಾದ ಪೆಟ್ಟು ಬಿದ್ದದ್ದು ಒಂದು ವಾರದ ನಂತರ, ಎಡಿಟಿಂಗ್ ಕೋಣೆಯಲ್ಲಿ. ಸಾಲಿನ ಹಿಂಬದಿಯಲ್ಲಿದ್ದ ಒಬ್ಬ ಹುಡುಗನ ಅಂಗಿಗೆ ಕಾಲರ್ ಮೈಕು ಸಿಕ್ಕಿಸಿದ್ದೆವು. ಆ ಧ್ವನಿಯನ್ನು ಪ್ರತ್ಯೇಕವಾಗಿ ಕೇಳುತ್ತಿದ್ದಾಗ ಅವನ ಪಕ್ಕದಲ್ಲಿ ನಿಂತ ಹುಡುಗಿಯೊಬ್ಬಳ ಮಾತು ಕೇಳಿಸಿತು, ತೀರಾ ಮೆಲ್ಲಗೆ: "ಒಂದ್ರಲ್ಲಿ ಇಬ್ಬರು ನಿಂತ್ರೆ ಸಾಕಲ್ಲ, ಹಿಂದಿಂದು ಎತ್ತಿ ಮುಂದೆ ಕೊಡಬಹುದು." ಎರಡನೆಯ ಸೋಲಿನ ನಂತರ ಒಮ್ಮೆ ಹೇಳಿದ್ದಳು. ಮೂರನೆಯದರ ನಂತರ ಮತ್ತೊಮ್ಮೆ, ಮೊದಲಿಗಿಂತ ಸ್ವಲ್ಪ ಗಟ್ಟಿಯಾಗಿ. ಪಕ್ಕದ ಹುಡುಗ "ಹೌದಲ್ವಾ!" ಎಂದು ಮುಂದಿನವರನ್ನು ಕೂಗುವಷ್ಟರಲ್ಲಿ ನನ್ನ ಧ್ವನಿ ಬಂದು ಎಲ್ಲವನ್ನೂ ಮುಚ್ಚಿಹಾಕಿತ್ತು. ಬಹುಶಃ ಇನ್ನು ಅರ್ಧ ನಿಮಿಷ ಸಾಕಿತ್ತು. ಹನ್ನೆರಡು ಜನ ಅವಳ ಮಾತು ಕೇಳಿ ನದಿ ದಾಟುತ್ತಿದ್ದರು. ಬದಲಿಗೆ ಅವರು ನನ್ನ ಮಾತು ಕೇಳಿ ದಾಟಿದರು. ವೃತ್ತದಲ್ಲಿ ಕೂತಾಗ ಅವಳು ಏನೂ ಹೇಳಲಿಲ್ಲ. ತಾನು ಹೇಳಿದ್ದನ್ನು ಯಾರೂ ಕೇಳಲಿಲ್ಲ, ಗಟ್ಟಿ ದನಿಯ ದೊಡ್ಡವರು ಹೇಳಿದರೆ ಎಲ್ಲರೂ ಕೇಳುತ್ತಾರೆ: ಆ ಸಂಜೆ ಆ ಆಟದಿಂದ ಅವಳು ಮನೆಗೆ ಒಯ್ದದ್ದು ಅದೇ ಇರಬೇಕು. ಶಿಬಿರಕ್ಕೆ ಬರದೆಯೂ ಅದನ್ನು ಕಲಿಯಬಹುದಿತ್ತು.

ಆ ಧ್ವನಿಯನ್ನು ಕಾರ್ಯಕ್ರಮದಲ್ಲಿ ಬಳಸಲಿಲ್ಲ. ನನ್ನ ಧ್ವನಿಯನ್ನೂ ತೆಗೆದುಹಾಕಿದೆ. ನೋಡಿದವರಿಗೆ ತಂಡ ತಾನಾಗಿಯೇ ದಾಟಿದಂತೆ ಕಾಣುತ್ತದೆ. ಇದು ಸರಿಯಲ್ಲ ಎಂದು ಈಗ ಅನ್ನಿಸುತ್ತದೆ.

ಮೆಲುದನಿಯವರಿಗೆ ಜಾಗ

ಹಾಗಾದರೆ ಆಟ ನಡೆಸುವವರು ಕಂಬದಂತೆ ನಿಂತಿರಬೇಕೇ? ಇಲ್ಲ. ಉತ್ತರ ಹೇಳಿಕೊಡದೆಯೂ ಮಾಡಬಹುದಾದ ಕೆಲಸಗಳಿವೆ. ಎಲ್ಲಕ್ಕಿಂತ ಮೊದಲನೆಯದು ನಿಲ್ಲುವ ಜಾಗ. ಮುಂದೆ, ಎಲ್ಲರಿಗೂ ಕಾಣುವ ಹಾಗೆ ನಿಂತರೆ ತಂಡ ಪ್ರತಿ ಹೆಜ್ಜೆಗೂ ನಿಮ್ಮ ಮುಖ ನೋಡುತ್ತದೆ. ಸಾಲಿನ ಹಿಂಭಾಗಕ್ಕೆ ಹೋಗಿ ನಿಲ್ಲಿ. ನನ್ನ ಅನುಭವದಲ್ಲಿ ಮೆಲುದನಿಯವರು ಇರುವುದು ಅಲ್ಲಿಯೇ.

ಎರಡನೆಯದು, ಆಟಕ್ಕೆ ಒಂದು ತಿರುವು ಕೊಡುವುದು. "ನದಿಯಲ್ಲಿ ಜೋರು ಗಾಳಿ ಎದ್ದಿದೆ, ಮುಂದಿನ ಐದು ನಿಮಿಷ ಯಾರ ಮಾತೂ ಕೇಳಿಸುವುದಿಲ್ಲ" ಎಂದರೆ ಎಲ್ಲರೂ ಕೈಸನ್ನೆಯಲ್ಲಿ ಮಾತನಾಡಬೇಕಾಗುತ್ತದೆ. ಆಗ ಗಟ್ಟಿ ಗಂಟಲಿಗೆ ಬೆಲೆಯಿಲ್ಲ. ಅಥವಾ ಹೆಚ್ಚು ಮಾತನಾಡುತ್ತಿರುವ ಇಬ್ಬರ ಧ್ವನಿಯನ್ನು ಮಾತ್ರ ನದಿ ಕಸಿದುಕೊಳ್ಳಬಹುದು. ಅವರು ಇದನ್ನು ಶಿಕ್ಷೆ ಎಂದು ತಿಳಿಯದಂತೆ ನಗುತ್ತಾ ಹೇಳಬೇಕು. ಆದರೆ "ನೀನು ಯಾಕೆ ಮಾತಾಡ್ತಿಲ್ಲ? ನೀನು ಹೇಳು" ಎಂದು ಸುಮ್ಮನಿರುವವರತ್ತ ಬೆರಳು ತೋರಿಸಬೇಡಿ. ಜಾಗ ಮಾಡಿಕೊಡಿ, ತಳ್ಳಬೇಡಿ.

ಇನ್ನೊಂದು: ಹುಡುಗ ಹುಡುಗಿಯರು ಸೇರಿ ಆಡುವ ತಂಡದಲ್ಲಿ ಕೈ ಹಿಡಿಯುವ ಆಟಗಳಿಗೆ ಕೆಲವರು ಸಂಕೋಚಪಡುತ್ತಾರೆ. ಕೈಗಂಟಿನ ಆಟವನ್ನೇ ತೆಗೆದುಕೊಳ್ಳಿ. ಎಂಟು ಹತ್ತು ಜನ ವೃತ್ತವಾಗಿ ನಿಂತು, ಅಡ್ಡಾದಿಡ್ಡಿಯಾಗಿ ಎದುರಿನ ಇಬ್ಬರು ಬೇರೆ ಬೇರೆಯವರ ಕೈ ಹಿಡಿದು, ಕೈ ಬಿಡದೆ ಗಂಟು ಬಿಡಿಸಿಕೊಳ್ಳಬೇಕು. ಇಲ್ಲಿ ಕೈಯ ಬದಲು ಅರ್ಧ ಮೀಟರಿನ ಹಗ್ಗದ ತುಂಡಿನ ಅಥವಾ ಟವೆಲಿನ ಎರಡು ತುದಿಗಳನ್ನು ಹಿಡಿಯಲು ಮೊದಲೇ ಹೇಳಿಬಿಡಿ. ಸಂಕೋಚವೂ ಇಲ್ಲ, ಮಣಿಕಟ್ಟು ತಿರುಚುವ ಭಯವೂ ಇಲ್ಲ. ಅಂದಹಾಗೆ ಈ ಗಂಟು ಯಾವಾಗಲೂ ಬಿಡಿಸಿ ಒಂದೇ ವೃತ್ತವಾಗುತ್ತದೆ ಎಂದೇನೂ ಇಲ್ಲ. ಎರಡು ಬೇರೆ ವೃತ್ತಗಳಾಗಬಹುದು, ಸರಪಳಿಯ ಕೊಂಡಿಗಳಂತೆ ಒಂದರೊಳಗೊಂದು ಸಿಕ್ಕಿಕೊಂಡ ವೃತ್ತಗಳಾಗಬಹುದು, ಕೆಲವೊಮ್ಮೆ ಎಷ್ಟು ತಿಣುಕಿದರೂ ಬಿಚ್ಚದ ನಿಜವಾದ ಗಂಟೇ ಬಿದ್ದಿರಬಹುದು. ಗಣಿತದಲ್ಲಿ ಗಂಟುಗಳ ಅಧ್ಯಯನಕ್ಕೆಂದೇ ಒಂದು ಶಾಖೆಯಿದೆ. ಇದು ಗೊತ್ತಿಲ್ಲದ ಮುಂದಾಳು "ಪ್ರಯತ್ನ ಸಾಲದು" ಎಂದು ತಂಡವನ್ನೇ ಬೈಯುತ್ತಾರೆ. ಗೊತ್ತಿದ್ದವರು ಹತ್ತು ನಿಮಿಷದ ನಂತರ "ಯಾವುದಾದರೂ ಒಂದು ಕೈಯನ್ನು ಒಂದು ಸಲ ಬಿಟ್ಟು ಹಿಡಿಯಬಹುದು, ಯಾವುದೆಂದು ನೀವೇ ತೀರ್ಮಾನಿಸಿ" ಎನ್ನುತ್ತಾರೆ. ಆ ತೀರ್ಮಾನ ಮಾಡುವುದೇ ಇನ್ನೊಂದು ಆಟ.

ಒಲ್ಲೆ ಎನ್ನುವ ಹಕ್ಕು

ಕಣ್ಣು ಮುಚ್ಚಿ ಹಿಂದಕ್ಕೆ ಬೀಳುವುದು, ಜೊತೆಯವರು ಹಿಡಿದುಕೊಳ್ಳುವುದು: ಇದು ನಂಬಿಕೆಯ ಆಟವೆಂದು ಪ್ರಸಿದ್ಧ. ಟೇಬಲ್ ಮೇಲೋ ಗೋಡೆಯ ಮೇಲೋ ನಿಲ್ಲಿಸಿ ಬೀಳಿಸುವುದೂ ಉಂಟು. ದಯವಿಟ್ಟು ಅದನ್ನು ನೀವಾಗಿ ಮಾಡಲು ಹೋಗಬೇಡಿ. ಕಾರಣವನ್ನು ಲೆಕ್ಕದಲ್ಲೇ ನೋಡಿ. 50 ಕಿಲೋ ತೂಕದವರ ದೇಹ 1.2 ಮೀಟರ್ ಬಿದ್ದ ಮೇಲೆ ಹಿಡಿಯುವವರ ಕೈಗಳಿಗೆ ತಾಗಿ, 30 ಸೆಂಟಿಮೀಟರ್ ಒಳಗೆ ನಿಲ್ಲುತ್ತದೆ ಎಂದುಕೊಳ್ಳಿ. ಒಟ್ಟು ಇಳಿದದ್ದು 1.5 ಮೀಟರ್, ಆ ಶಕ್ತಿಯನ್ನೆಲ್ಲ ಕೈಗಳು 0.3 ಮೀಟರಿನಲ್ಲಿ ತಡೆಯಬೇಕು. ಅಂದರೆ ಸರಾಸರಿ ಬಲ ತೂಕದ ಐದು ಪಟ್ಟು, 250 ಕಿಲೋ. ಒಬ್ಬರು ನಕ್ಕು ಆಚೆ ನೋಡಿದರೂ ಬೆನ್ನುಮೂಳೆಯ ಪ್ರಶ್ನೆ.

ನೆಲದ ಮೇಲೆ ನಿಂತು ಸ್ವಲ್ಪವೇ ವಾಲುವುದು ಬೇರೆ ಮಾತು. ಅದೇ 50 ಕಿಲೋದವರು ಹಲಗೆಯಂತೆ ನೆಟ್ಟಗೆ 15 ಡಿಗ್ರಿ ಹಿಂದಕ್ಕೆ ವಾಲಿದರೆ, ಭುಜದ ಹಿಂದೆ ಕೈಯಿಟ್ಟು ಹಿಡಿದವರಿಗೆ ಬರುವ ಭಾರ ಸುಮಾರು 9 ಕಿಲೋ. 45 ಡಿಗ್ರಿ ವಾಲಿದರೆ ಸುಮಾರು 25 ಕಿಲೋ. ಆದ್ದರಿಂದ ಹಿಡಿಯುವವರು ಒಂದು ಕಾಲು ಹಿಂದಿಟ್ಟು, ವಾಲುವವರ ಬೆನ್ನಿಗೆ ಕೈ ತಾಗಿಸಿಕೊಂಡೇ ಶುರುಮಾಡಬೇಕು. "ಸಿದ್ಧವೇ?" "ಸಿದ್ಧ." "ವಾಲುತ್ತಿದ್ದೇನೆ." "ವಾಲಿ." ಈ ನಾಲ್ಕು ಮಾತು ಆಗದೆ ಯಾರೂ ಅಲುಗಾಡಬಾರದು. ಬಂಡೆ ಹತ್ತುವಾಗಲೂ ಹತ್ತುವವರು ಮತ್ತು ಹಗ್ಗ ಹಿಡಿದವರ ನಡುವೆ ಹೀಗೇ ಮಾತಾಗುತ್ತದೆ.

ಇಷ್ಟಾದರೂ ಯಾರಾದರೂ "ನಾನು ಒಲ್ಲೆ" ಎನ್ನಬಹುದು. ಹಾಗೆ ಹೇಳುವುದು ಅವರ ಹಕ್ಕು. ಸಾಹಸ ಶಿಕ್ಷಣದಲ್ಲಿ ಇದಕ್ಕೆ ಚಾಲೆಂಜ್ ಬೈ ಚಾಯ್ಸ್ ಎಂದು ಹೆಸರು. ಸವಾಲನ್ನು ಎಷ್ಟರ ಮಟ್ಟಿಗೆ ಸ್ವೀಕರಿಸಬೇಕೆಂದು ಆಡುವವರೇ ನಿರ್ಧರಿಸುತ್ತಾರೆ. ಇಲ್ಲಿ ಮುಂದಾಳು ಕಾಯಬೇಕಾದದ್ದು ಬೈಗುಳವನ್ನಷ್ಟೇ ಅಲ್ಲ, ಚಪ್ಪಾಳೆಯನ್ನೂ. ಇಪ್ಪತ್ತು ಜನ ಹೆಸರು ಕೂಗುತ್ತಾ ಲಯಬದ್ಧವಾಗಿ ಚಪ್ಪಾಳೆ ತಟ್ಟಿದರೆ ಅದು ಪ್ರೋತ್ಸಾಹದಂತೆ ಕಾಣುತ್ತದೆ. ನಡುವೆ ನಿಂತವರಿಗೆ ಅದು ಗೋಡೆ. ಅದನ್ನು ತಕ್ಷಣ ನಿಲ್ಲಿಸಿ. ಒಲ್ಲೆ ಎಂದವರಿಗೆ ಸಮಯ ನೋಡುವ, ತಂಡದಲ್ಲಿ ಯಾರು ಯಾರ ಮಾತು ಕೇಳಿದರು ಎಂದು ಗಮನಿಸುವ ಕೆಲಸ ಕೊಡಿ. ಅದು ಸುಮ್ಮನೆ ಕೊಟ್ಟ ಕೆಲಸವಾಗದಿರಲಿ. ಆಟ ಮುಗಿದ ಮೇಲೆ ಅವರು ಕಂಡದ್ದನ್ನು ಎಲ್ಲರಿಗಿಂತ ಮೊದಲು ಕೇಳಿ.

ರೆಕಾರ್ಡ್ ಪುಸ್ತಕವಿಲ್ಲದ ಪ್ರಯೋಗ

ಪ್ರಯೋಗಾಲಯದಲ್ಲಿ ಲೋಲಕ ತೂಗಿಬಿಟ್ಟು, ಏನನ್ನೂ ಬರೆದುಕೊಳ್ಳದೆ ಮನೆಗೆ ಹೋದರೆ ಅದನ್ನು ಪ್ರಯೋಗ ಎನ್ನುತ್ತೀರಾ? ಆಟದ ನಂತರದ ಮಾತುಕತೆ ರೆಕಾರ್ಡ್ ಪುಸ್ತಕವಿದ್ದಂತೆ. ಹದಿನೈದು ನಿಮಿಷದ ಆಟಕ್ಕೆ ಹದಿನೈದು ನಿಮಿಷದ ಮಾತಾದರೂ ಬೇಕು. ಎಲ್ಲರೂ ನೆಲದ ಮೇಲೆ ವೃತ್ತವಾಗಿ ಕೂರಿ, ಮುಂದಾಳೂ ಸೇರಿ. ಸೂರ್ಯನ ಕಡೆಗೆ ಮುಖ ಮಾಡಿ ನೀವು ಕೂರಿ, ಅವರ ಕಣ್ಣಿಗೆ ಬಿಸಿಲು ಹೊಡೆಯದಿರಲಿ.

ಕೇಳಬೇಕಾದ ಪ್ರಶ್ನೆಗಳು ಮೂರು, ಇದೇ ಕ್ರಮದಲ್ಲಿ: ಏನಾಯಿತು? ಅದರಿಂದೇನು? ಇನ್ನು ಮುಂದೇನು? ಟೆರಿ ಬಾರ್ಟನ್ ಎಂಬ ಅಮೆರಿಕನ್ ಶಿಕ್ಷಕರು 1970ರಲ್ಲಿ ಬರೆದ ಪುಸ್ತಕದಿಂದ ಇವು ಪ್ರಚಾರಕ್ಕೆ ಬಂದವು. ಎಷ್ಟೋ ಜನ ಮೊದಲ ಪ್ರಶ್ನೆಯನ್ನು ಹಾರಿಸಿ "ಇದರಿಂದ ಏನು ಕಲಿತಿರಿ?" ಎಂದು ನೇರವಾಗಿ ಕೇಳುತ್ತಾರೆ. ಆಗ ಬರುವ ಉತ್ತರ ಗೊತ್ತೇ ಇದೆಯಲ್ಲ: "ಒಗ್ಗಟ್ಟಿನಲ್ಲಿ ಬಲವಿದೆ ಸಾರ್." ಶಾಲೆಯ ಗೋಡೆಯ ಮೇಲೆ ಬರೆದಿರುವ ಮಾತು. ಅದಕ್ಕೆ ಬಿಸಿಲಿನಲ್ಲಿ ಗೋಣಿಚೀಲ ಹೊರಬೇಕಾಗಿರಲಿಲ್ಲ. ಬದಲಿಗೆ, "ಪೈಪು ಎರಡನೆಯ ಸಲ ಮೇಲೇರಿದಾಗ ಮೊದಲು ಮಾತಾಡಿದ್ದು ಯಾರು? ಏನಂದರು?" ಎಂದು ಕೇಳಿ. ಘಟನೆಗಳು ಒಂದೊಂದಾಗಿ ಹೊರಬರಲಿ. "ನಾನು ಹೇಳಿದ್ದೆ, ಯಾರೂ ಕೇಳಲಿಲ್ಲ" ಎಂಬ ಮಾತು ಬಂದರೆ ಅಲ್ಲಿ ನಿಲ್ಲಿ. ಸಮಾಧಾನ ಹೇಳಲು ಆತುರಪಡಬೇಡಿ. ಪ್ರಶ್ನೆ ಕೇಳಿದ ಮೇಲೆ ಮೌನ ಬಂದರೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ದೂರದರ್ಶನದವರಿಗೆ ಹತ್ತು ಸೆಕೆಂಡಿನ ಮೌನವೆಂದರೆ ಪ್ರಾಣ ಹೋದಂತೆ. ಆದರೂ ನಾನು ಈಗ ಎಣಿಸುತ್ತೇನೆ.

ಬಾಯಿ ಬಿಡಲೇಬೇಕಾದ ಹೊತ್ತು

ಸುಮ್ಮನಿರಿ ಎಂದೆನಲ್ಲ, ಸುರಕ್ಷತೆಯ ಮಾತಿಗೆ ಅದು ಅನ್ವಯಿಸುವುದಿಲ್ಲ. ಆಟಕ್ಕೆ ಮೊದಲು ಬಯಲನ್ನು ನೀವೇ ಪೂರ್ತಿ ನಡೆದು ನೋಡಿ. ಮುರಿದ ಗಾಜು, ಮುಳ್ಳು, ಇರುವೆ ಗೂಡು, ಹುಲ್ಲಿನಲ್ಲಿ ಕಾಣದ ಗುಂಡಿ. ಬಂಡೆಗಳ ಬಳಿಯಾದರೆ ತಲೆ ಎತ್ತಿ ಹೆಜ್ಜೇನಿನ ಗೂಡಿದೆಯೇ ನೋಡಿ. ಇದ್ದರೆ ಅಲ್ಲಿ ಕೂಗಾಟದ ಆಟ ಬೇಡ, ಹೊಗೆಯಂತೂ ಬೇಡವೇ ಬೇಡ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಗುಡುಗು ಕೇಳಿಸಿದರೆ ಆಟ ಎಷ್ಟೇ ರಂಗೇರಿದ್ದರೂ ಬಯಲು ಬಿಟ್ಟು ಕಟ್ಟಡದೊಳಗೆ ನಡೆಯಿರಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ. ಬಳೆ, ಉಂಗುರ, ಕೈಗಡಿಯಾರ ತೆಗೆದಿಡಬೇಕು. ಕಣ್ಣಿಗೆ ಬಟ್ಟೆ ಕಟ್ಟಿದವರು ಎರಡೂ ಅಂಗೈಗಳನ್ನು ಎದೆಯ ಮುಂದೆ ಹಿಡಿದು ನಡೆಯಬೇಕು, ಓಡುವಂತಿಲ್ಲ. "ನಿಲ್ಲಿ" ಎಂಬ ಮಾತನ್ನು ಯಾರು ಬೇಕಾದರೂ ಹೇಳಬಹುದು. ಯಾರು ಹೇಳಿದರೂ ಎಲ್ಲರೂ ಆ ಕ್ಷಣವೇ ನಿಲ್ಲಬೇಕು. ಇದನ್ನು ಆಟಕ್ಕೆ ಮೊದಲು ಎರಡು ಸಲ ಅಭ್ಯಾಸ ಮಾಡಿಸಿ. ನಿಮ್ಮಂಥ ಹೊಸಬರು ಆಡಿಸುವಾಗ ಅನುಭವವಿರುವ ಒಬ್ಬ ಶಿಕ್ಷಕರು ಜೊತೆಯಲ್ಲಿರಲಿ.

ಸಾಮಾನಿಗೆ ದುಡ್ಡು ಖರ್ಚು ಮಾಡಬೇಕಾಗಿಲ್ಲ. ಒಂದು ಪೈಪು, ಎಂಟು ಗೋಣಿಚೀಲ, ಹಳೆಯ ಬಾವಿ ಹಗ್ಗ ಇದ್ದರೆ ಒಂದು ದಿನದ ಆಟ ಸಾಗುತ್ತದೆ.

ಕೊನೆಗೆ, ಈ ವಿಷಯ ಮಾತನಾಡಿದಾಗಲೆಲ್ಲ ವಿದ್ಯಾರ್ಥಿಗಳು ಕೇಳುವ ಒಂದು ಪ್ರಶ್ನೆ: ತಂಡ ಗೆಲ್ಲದೆಯೇ ಹೋದರೆ? ಸಮಯ ಮೀರಿತು, ಕತ್ತಲಾಗುತ್ತಿದೆ, ನದಿ ದಾಟಲಾಗಿಲ್ಲ. ಆಗಲೂ ಉಪಾಯ ಹೇಳಿಕೊಡಬಾರದೇ? ಬೇಡ. ಆಟ ನಿಲ್ಲಿಸಿ, ವೃತ್ತದಲ್ಲಿ ಕೂತು, ಆದದ್ದನ್ನು ಮಾತನಾಡಿ. ಚೀಲಗಳನ್ನು ಎಣಿಸಿ ಒಳಗಿಡಿ. ರಾತ್ರಿ ಊಟದ ಸಾಲಿನಲ್ಲಿ ಯಾರಾದರೂ ತಟ್ಟೆಗಳನ್ನು ನೆಲದ ಮೇಲೆ ಸಾಲಾಗಿಟ್ಟು "ಹೀಗೆ ಮಾಡಿದ್ದರೆ?" ಎಂದು ತೋರಿಸುತ್ತಿರುವುದು ಕಂಡರೆ, ಬೆಳಿಗ್ಗೆ ತಿಂಡಿಗೆ ಮೊದಲು ಚೀಲಗಳನ್ನು ಮತ್ತೆ ಹೊರಗೆ ತನ್ನಿ.